ತಗಡಿನ ಕೆಳಗೊಂದು ಗೇಣು ಜಾಗ

ಅಮೆರಿಕದ ಹಳೆಯ ಮೊಬೈಲ್ ಹೋಮ್‌ಗಳ ಚಾವಣಿಯ ಮೇಲೆ ಸವೆದ ಟೈರುಗಳು ಕಾಣಸಿಗುವುದುಂಟು. ಯಾರೋ ಎಸೆದು ಮರೆತವಲ್ಲ, ಬೇಕೆಂದೇ ಇಟ್ಟವು. ಗಾಳಿ ಬೀಸಿದರೆ ಅಲ್ಲಿನ ತೆಳು ತಗಡು ಎದ್ದು ಬಿದ್ದು ಗುಡುಗತೊಡಗುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಟೈರಿನ ಭಾರಕ್ಕೆ ಸದ್ದು ಅಡಗುತ್ತದೆ. ಆ ತಗಡಿನ ಕೆಳಗಿರುವುದು ಟೊಳ್ಳು. ಅದನ್ನು ಸರಿಯಾಗಿ ತುಂಬುವುದು ಅಲ್ಲಿ ಒಂದು ಕಸುಬಾಗಿಯೇ ಬೆಳೆದಿದೆ.

ಮೊಬೈಲ್ ಹೋಮ್ ಎಂದರೆ ಕಾರ್ಖಾನೆಯಲ್ಲಿ ಉಕ್ಕಿನ ಚಾಸಿಯ ಮೇಲೆ ಕಟ್ಟಿ, ಚಕ್ರ ಜೋಡಿಸಿ, ಲಾರಿಗೆ ಕಟ್ಟಿ ಎಳೆದು ತರುವ ಮನೆ. ಹೆಸರಿಗೆ ಚಲಿಸುವ ಮನೆಯಾದರೂ ಬಹುಪಾಲು ಒಮ್ಮೆ ಬಂದು ನಿಂತಲ್ಲೇ ಆಯುಷ್ಯ ಕಳೆಯುತ್ತವೆ. ಇಂಥ ಮನೆಗಳಲ್ಲಿ ಸುಮಾರು 2 ಕೋಟಿ ಜನ ಬದುಕುತ್ತಿದ್ದಾರೆ. ಅವರಲ್ಲಿ ಕಡಿಮೆ ಸಂಬಳದವರೂ ಪಿಂಚಣಿಯಲ್ಲಿ ದಿನ ದೂಡುವ ಮುದುಕರೂ ಹೆಚ್ಚು. 1976ರ ಜೂನ್ 15ರಂದು ಇವುಗಳ ನಿರ್ಮಾಣಕ್ಕೆ ಕೇಂದ್ರ ಸರ್ಕಾರದ ವಸತಿ ಇಲಾಖೆಯ ನಿಯಮಗಳು ಜಾರಿಗೆ ಬಂದವು. ಅದಕ್ಕೆ ಮುಂಚಿನ ಎಷ್ಟೋ ಮನೆಗಳಲ್ಲಿ ಚಳಿ ತಡೆಯಲು ಇದ್ದದ್ದು ಒಂದೆರಡು ಇಂಚಿನ ಫೈಬರ್‌ಗ್ಲಾಸ್ ಹಾಸು ಮಾತ್ರ.

ತಗಡಿನ ಕೆಳಗಿನ ಆ ಟೊಳ್ಳನ್ನು ನಮ್ಮ ಮಲೆನಾಡ ಮನೆಯ ಅಟ್ಟದಂತೆ ಕಲ್ಪಿಸಿಕೊಳ್ಳಬಾರದು. ಅಲ್ಲಿ ಹತ್ತಿ ಕೂರುವಂತಿಲ್ಲ, ತೆವಳುವಂತೆಯೂ ಇಲ್ಲ. ಸೇತುವೆಗಳ ಅಡಿಯಲ್ಲಿ ಹಾದು ಬರಬೇಕಾದ ಮನೆಯಾದ್ದರಿಂದ ಚಾವಣಿ ತಗ್ಗು. ಹಳೆಯವುಗಳಲ್ಲಿ ಕೆಳಪಟ್ಟಿ ನೇರ, ಮೇಲ್ಪಟ್ಟಿ ಬಿಲ್ಲಿನ ಹಾಗೆ ಬಾಗಿದ ಸಪೂರ ಮರದ ಟ್ರಸ್‌ಗಳು. ಅಂಚಿನಲ್ಲಿ ಕೆಲವೇ ಇಂಚು ಎತ್ತರ, ನಡುವೆ ಸ್ವಲ್ಪ ಹೆಚ್ಚು.

ಬೇಸಿಗೆಯಲ್ಲಿ ಇಂಥ ಚಾವಣಿ ಕೊಡುವ ಕಾವನ್ನು ತಗಡಿನ ಮನೆಯಲ್ಲಿ ಏಪ್ರಿಲ್ ಕಳೆದ ಯಾರಿಗೂ ವಿವರಿಸಬೇಕಿಲ್ಲ. ನಮಗೆ ಹೊಸದೆನಿಸುವುದು ಚಳಿಗಾಲದ ಕಾಟ. ಅಡುಗೆ, ಸ್ನಾನ, ಉಸಿರು ಎಲ್ಲದರಿಂದ ಎದ್ದ ತೇವ ದೀಪ, ಫ್ಯಾನು, ಹೊಗೆಕೊಳವೆಗಳ ಸುತ್ತಲಿನ ಸಂದಿಯಿಂದ ಮೇಲೇರುತ್ತದೆ. ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ, ಮೊಂಟಾನಾದಂಥ ಕಡೆ ಅಲ್ಲೇ ಹೆಪ್ಪುಗಟ್ಟುತ್ತದೆ. ಬಿಸಿಲು ಬಿದ್ದಾಗ ಕರಗಿ ಸೀಲಿಂಗಿಗೆ ತೊಟ್ಟಿಕ್ಕುತ್ತದೆ. ಚಾವಣಿ ಸೋರುತ್ತಿದೆ ಎಂದುಕೊಂಡ ಮನೆಯವರು ಮೇಲೆ ಮತ್ತೆ ಮತ್ತೆ ಡಾಂಬರು ಬಳಿಯುತ್ತಾರೆ. ನೀರು ಬರುತ್ತಿರುವುದು ಮಳೆಯಿಂದಲ್ಲ, ಅವರದೇ ಅಡುಗೆಮನೆಯಿಂದ.

ಹಾಗಾದರೆ ಗಾಳಿಯಾಡಲು ಕಿಂಡಿ ಇಡಬಾರದೇ? ಇಡಬಹುದು. ವಸತಿ ಇಲಾಖೆಯ ಸಾಮಾನ್ಯ ನಿಯಮವೂ ಅದನ್ನೇ ಹೇಳುತ್ತದೆ: ಚಾವಣಿಯ ಒಳಜಾಗದ ವಿಸ್ತೀರ್ಣದ ಕನಿಷ್ಠ 300ನೇ ಒಂದು ಭಾಗದಷ್ಟು ಕಿಂಡಿ ಬೇಕು. ಆದರೆ ತಗಡಿನಡಿ ಹಲಗೆಯಿಲ್ಲದ, ಒಂದೇ ಭಾಗವಾಗಿ ಕಟ್ಟಿದ ಮನೆಗಳಿಗೆ ಅದೇ ನಿಯಮ ವಿನಾಯಿತಿ ಕೊಡುತ್ತದೆ. ಷರತ್ತು ಒಂದೇ, ಕೋಣೆಯಿಂದ ಮೇಲೆ ಗಾಳಿ ನುಸುಳುವ ತಂತಿ, ಕೊಳವೆ, ಫ್ಯಾನುಗಳ ಸಂದಿಗಳನ್ನೆಲ್ಲ ಮುಚ್ಚಿರಬೇಕು. ಇಡೀ ವಿಷಯದ ತಿರುಳು ಈ ಷರತ್ತಿನಲ್ಲಿದೆ ಎಂದು ನನಗನಿಸುತ್ತದೆ. ಕೆಳಗೆ ತೂತು ಬಿಟ್ಟು ಮೇಲೆ ಕಿಂಡಿ ಕೊರೆದರೆ ದುಡ್ಡು ಕೊಟ್ಟು ಕಾಯಿಸಿದ ಗಾಳಿಯೇ ಹೊರಗೆ ಹೋಗುತ್ತದೆ.

1976ರಲ್ಲೇ ಹುಟ್ಟಿದ ಇನ್ನೊಂದು ವ್ಯವಸ್ಥೆ ವೆದರೈಸೇಶನ್ ಅಸಿಸ್ಟೆನ್ಸ್ ಪ್ರೋಗ್ರಾಂ. ಇಂದು ಇಂಧನ ಇಲಾಖೆಯ ಹಣದಿಂದ ನಡೆಯುವ ಇದು ಕಡಿಮೆ ಆದಾಯದವರ ಮನೆಗಳನ್ನು ಇಂಧನ ಉಳಿಯುವಂತೆ ಉಚಿತವಾಗಿ ಸರಿಪಡಿಸಿಕೊಡುತ್ತದೆ. ಇದರ ತಂಡಗಳ ಕೈಯಲ್ಲಿ ಮೊಬೈಲ್ ಹೋಮ್ ಕೆಲಸ ಹದಗೊಂಡಿತು. ಮೊಂಟಾನಾದ ಜಾನ್ ಕ್ರಿಗರ್ ಇದರ ಬಗ್ಗೆ ಕೈಪಿಡಿಯನ್ನೇ ಬರೆದರು.

ಕೆಲಸ ನೋಡುವಂಥದ್ದು. ಮೊದಲು ಸಂದಿಗಳನ್ನು ಮುಚ್ಚುತ್ತಾರೆ. ಆಮೇಲೆ ಚಾವಣಿಯ ಒಂದು ಅಂಚಿನ ಸ್ಕ್ರೂಗಳನ್ನು ಬಿಚ್ಚಿ, ತಗಡನ್ನು ಮೆಲ್ಲಗೆ ಎತ್ತಿ, ಮರದ ತುಂಡು ಒತ್ತಿಟ್ಟು ನಿಲ್ಲಿಸುತ್ತಾರೆ. ಆ ಸೀಳಿನಲ್ಲಿ ಉದ್ದನೆಯ ಕೊಳವೆಯನ್ನು ಆಚೆ ಬದಿಯ ಹತ್ತಿರದವರೆಗೂ ತೂರಿಸಿ, ಯಂತ್ರದಿಂದ ಫೈಬರ್‌ಗ್ಲಾಸ್ ಊದುತ್ತ ಹಿಂದೆಳೆಯುತ್ತಾರೆ. ಪ್ರತಿ ಎರಡು ಟ್ರಸ್‌ಗಳ ನಡುವೆಯೂ ಇದೇ ಕ್ರಮ. ಕಾಗದದ ಪುಡಿಯಿಂದ ಮಾಡಿದ ಸೆಲ್ಯುಲೋಸ್ ಇಲ್ಲಿ ಹೊಂದುವುದಿಲ್ಲ. ಅದು ಭಾರ, ನೀರು ಹೀರಿದರೆ ಇನ್ನೂ ಭಾರ, ಮತ್ತು ಇಲ್ಲಿನ ಸೀಲಿಂಗ್ ಬಹಳ ದುರ್ಬಲ. ಫೈಬರ್‌ಗ್ಲಾಸನ್ನೂ ಅತಿಯಾಗಿ ಒತ್ತಿದರೆ ಸೀಲಿಂಗ್ ಹಲಗೆ ಕೆಳಕ್ಕೆ ಉಬ್ಬುತ್ತದೆ. ಕಡಿಮೆಯಾದರೆ ಅಲ್ಲಲ್ಲಿ ಖಾಲಿ ಉಳಿದು ಚಳಿ ಇಳಿಯುತ್ತದೆ. ಕಣ್ಣಿಗೆ ಪೂರ್ತಿ ಕಾಣದ ಜಾಗದಲ್ಲಿ, ಕೊಳವೆಯ ಅದುರುವಿಕೆಯಿಂದಲೂ ಯಂತ್ರದ ಸದ್ದಿನಿಂದಲೂ ಅಷ್ಟಿಷ್ಟು ಎಂದು ಅಳೆಯುವ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಸರಿಯಾಗಿ ತುಂಬಿದ ಚಾವಣಿಯಲ್ಲಿ ತಗಡಿನ ಗುಡುಗೂ ತಗ್ಗುತ್ತದೆ.

ಅಂಚು ಬಿಚ್ಚಲಾಗದ ಕಡೆ ಒಳಗಿನಿಂದ ಸೀಲಿಂಗಿಗೆ ಸಾಲಾಗಿ ರಂಧ್ರ ಕೊರೆದು, ಊದಿ, ಪ್ಲಾಸ್ಟಿಕ್ ಬಿರಡೆ ಹಾಕುವುದುಂಟು. ಎಲ್ಲ ಕಡೆಯೂ ಎಚ್ಚರ ಬೇಕಾದದ್ದು ಬಿಸಿಯಾಗುವ ಹೊಗೆಕೊಳವೆಯ ಬಳಿ. ಕಡೆಗೆ ಬಚ್ಚಲುಮನೆಯ ಫ್ಯಾನಿನ ಕೊಳವೆಯನ್ನೂ ಪರೀಕ್ಷಿಸಬೇಕು. ಅದು ಚಾವಣಿ ದಾಟಿ ಹೊರಗೆ ತೆರೆದುಕೊಳ್ಳದೆ ಟೊಳ್ಳಿನೊಳಗೇ ನಿಂತಿದ್ದರೆ, ಪ್ರತಿ ಸ್ನಾನದ ಹಬೆಯೂ ಹೊಸದಾಗಿ ತುಂಬಿದ ನಾರನ್ನು ತೋಯಿಸುತ್ತದೆ.