ಹೊಟ್ಟೆಯುಬ್ಬರವೆಂದು ಉದಾಸೀನ ಬೇಡ: ಅಂಡಾಶಯದ ಕ್ಯಾನ್ಸರಿನ ಸೂಚನೆಗಳು

ಕೆಲವು ವರ್ಷಗಳ ಹಿಂದೆ ಐವತ್ತೈದರ ಆಸುಪಾಸಿನ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಠದ ದಾಸೋಹದಲ್ಲಿ ತಪ್ಪದೆ ಸೇವೆ ಸಲ್ಲಿಸುತ್ತಿದ್ದವರು. "ಎರಡು ತುತ್ತು ಉಂಡ್ರ ಸಾಕರಿ, ಹೊಟ್ಟಿ ತುಂಬಿದಂಗ ಆಗ್ತದ. ಸೀರಿ ಉಡಾಕ ಬಿಗಿ ಅನಸ್ತದ" ಎಂದರು. ನಾವು ಅಗ್ನಿಮಾಂದ್ಯವೆಂದು ಬಗೆದು ಹಿಂಗ್ವಾಷ್ಟಕ ಚೂರ್ಣ ಕೊಟ್ಟು ಕಳುಹಿಸಿದೆವು. ಆರು ವಾರಗಳ ತರುವಾಯ ಅವರು ಮರಳಿದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು. ಸ್ಕ್ಯಾನಿಂಗ್ ಮಾಡಿಸಲಾಗಿ ಅಂಡಾಶಯದಲ್ಲಿ ಗಡ್ಡೆ ಕಂಡಿತು. ಆ ಆರು ವಾರಗಳು ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತವೆ. ಈ ಲೇಖನಕ್ಕೆ ಅದೇ ಕಾರಣ.

ಗರ್ಭಕೋಶದ ಎರಡು ಪಕ್ಕಗಳಲ್ಲಿರುವ ಬಾದಾಮಿ ಗಾತ್ರದ ಗ್ರಂಥಿಗಳೇ ಅಂಡಾಶಯಗಳು. ಇವು ಕಿಬ್ಬೊಟ್ಟೆಯ ಆಳದಲ್ಲಿರುವುದರಿಂದ ಅಲ್ಲಿ ಬೆಳೆಯುವ ಗಡ್ಡೆ ಬೇಗನೆ ಕೈಗೆ ಸಿಗದು. ಹೀಗಾಗಿ ಬಹುಪಾಲು ರೋಗಿಗಳಲ್ಲಿ ಕಾಯಿಲೆಯು ಹೊಟ್ಟೆಯೊಳಗೆ ಹರಡಿದ ಮೇಲೆಯೇ ಪತ್ತೆಯಾಗುತ್ತದೆ.

ಆದರೂ ದೇಹವು ಸೂಚನೆ ನೀಡುತ್ತದೆ. ಮುಖ್ಯವಾದವು ನಾಲ್ಕು: ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದ ಭಾವ, ಹೊಟ್ಟೆ ಅಥವಾ ಕಿಬ್ಬೊಟ್ಟೆಯ ನೋವು, ಪದೇ ಪದೇ ಅಥವಾ ಅವಸರದಿಂದ ಮೂತ್ರಕ್ಕೆ ಹೋಗಬೇಕೆನಿಸುವುದು. ಇವು ಯಾರಿಗಾದರೂ ಆಗೊಮ್ಮೆ ಈಗೊಮ್ಮೆ ಬರುವಂಥವೇ. ಆದರೆ ಹಿಂದೆ ಇಲ್ಲದ ತೊಂದರೆಯು ಒಂದು ವರ್ಷದೊಳಗೆ ಹೊಸದಾಗಿ ತಲೆದೋರಿ, ತಿಂಗಳಿಗೆ 12 ದಿನಗಳಿಗಿಂತ ಹೆಚ್ಚು ಕಾಡಿದರೆ ಪರೀಕ್ಷೆ ಅಗತ್ಯ. ಐವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಕಾಣಿಸಿದ ಹೊಟ್ಟೆಯ ತೊಂದರೆಯನ್ನು ಗ್ಯಾಸ್ ಎಂದು ತಳ್ಳಿಹಾಕಲಾಗದು. ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರಂತೂ ಒಂದು ದಿನವೂ ಕಾಯಬಾರದು.

ಕೆಲವು ತಪ್ಪು ತಿಳಿವಳಿಕೆಗಳಿವೆ. "ಗರ್ಭಕೋಶ ತೆಗೆಸಿದ್ದೇನೆ, ನನಗೇನು ಭಯ?" ಎಂದು ಕೇಳುವವರುಂಟು. ಆ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನು ಹಲವೊಮ್ಮೆ ಉಳಿಸಿರುತ್ತಾರೆ. ಪ್ಯಾಪ್ ಸ್ಮಿಯರ್ ಪರೀಕ್ಷೆಯು ಗರ್ಭಕೋಶದ ಕೊರಳಿನದು. ಅದರಿಂದ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗುವುದಿಲ್ಲ. ತಾಯಿ, ಅಕ್ಕ-ತಂಗಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಮೊದಲಿಗೆ ಬೇಕಾದುದು ಸ್ತ್ರೀರೋಗ ತಜ್ಞರ ತಪಾಸಣೆ, ಅಲ್ಟ್ರಾಸೌಂಡ್ ಮತ್ತು ಸಿಎ-125 ಎಂಬ ರಕ್ತಪರೀಕ್ಷೆ. ಈ ರಕ್ತಪರೀಕ್ಷೆಯ ಅಂಕಿ ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರೆಂದು ಹೆದರಬೇಕಿಲ್ಲ; ಹೊಟ್ಟೆಯ ಕ್ಷಯದಲ್ಲಿಯೂ, ಗರ್ಭಕೋಶದ ಸಾಮಾನ್ಯ ಗಡ್ಡೆಗಳಲ್ಲಿಯೂ ಅದು ಏರಬಲ್ಲದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಚಿಕಿತ್ಸೆಯುಂಟು. ಬಡ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ವಿಚಾರಿಸಬಹುದು.

ಉದರ ರೋಗಗಳನ್ನು ವಿವರಿಸುವ ಚರಕ ಸಂಹಿತೆಯು ಹೊಟ್ಟೆಯಲ್ಲಿ ನೀರು ಕೂಡುವ ಮೊದಲೇ ಚಿಕಿತ್ಸೆಗೆ ತೊಡಗಬೇಕೆಂದು ಎಚ್ಚರಿಸುತ್ತದೆ. ನಮ್ಮ ಶಾಸ್ತ್ರದ ಈ ಮಾತನ್ನು ನಾವೇ ಮರೆತಿದ್ದೆವು. ಈಗ ಇಂಥ ದೂರು ಹೊತ್ತು ಬಂದ ತಾಯಂದಿರಿಗೆ ಚೂರ್ಣಕ್ಕಿಂತ ಮೊದಲು ಸ್ಕ್ಯಾನಿಂಗ್ ಚೀಟಿ ಬರೆಯುತ್ತೇವೆ. ಕ್ಯಾನ್ಸರ್ ದೃಢಪಟ್ಟರೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿಗಳೇ ಮುಖ್ಯ ಮಾರ್ಗ. ಕಷಾಯ, ಪಥ್ಯಗಳಲ್ಲಿ ಕಾಲ ಕಳೆಯಬಾರದು.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ಊಟ ಕಡಿಮೆಯಾದುದು ಮನೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂದು ರಾತ್ರಿ ಅವರನ್ನು ಜೊತೆಗೆ ಕೂರಿಸಿಕೊಂಡು ಉಣ್ಣಿರಿ. ಎಷ್ಟು ಉಂಡರೆಂದು ಗಮನಿಸಿರಿ.