ಸೊಂಟದೊಳಗಿನ ತುಕ್ಕು: ತೊಂದರೆ ಲೋಹದ್ದಲ್ಲ, ಜೋಡಣೆಯದ್ದು

'ಒಳಗೆ ಹಾಕಿರೋದು ಟೈಟಾನಿಯಂ, ತುಕ್ಕು ಹಿಡಿಯಲ್ಲ' ಅಂತ ಹಿಪ್ ರೀಪ್ಲೇಸ್‌ಮೆಂಟ್ ಮಾಡಿಸಿಕೊಂಡವರಿಗೆ ಧೈರ್ಯ ಹೇಳುವವರು ಬಹಳ. ಆ ಮಾತು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಲೋಹಕ್ಕಿಂತ ಜೋಡಣೆಯನ್ನು ನೋಡಬೇಕು.

1962ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಬಳಸಿದ ಕೃತಕ ಕೀಲಿನಲ್ಲಿ ತೊಡೆಮೂಳೆಯೊಳಗೆ ಇಳಿಯುವ ಕಾಂಡ, ಅದರ ಮೇಲಿನ ಗುಂಡು ಎರಡೂ ಒಂದೇ ತುಂಡು. ಆಮೇಲೆ ಅವು ಬೇರೆಬೇರೆಯಾದವು. ಲಾಭ ಇತ್ತು. ರೋಗಿಯ ಅಳತೆಗೆ ತಕ್ಕ ಗುಂಡನ್ನು ಆಪರೇಷನ್ ನಡೆಯುವಾಗಲೇ ಆರಿಸಬಹುದು. ಮುಂದೆ ಗುಂಡನ್ನು ಬದಲಿಸಬೇಕಾಗಿ ಬಂದರೆ, ಕಾಂಡವನ್ನು ಮೂಳೆಯಿಂದ ಕೀಳಬೇಕಿಲ್ಲ.

ಇವೆರಡನ್ನೂ ಹಿಡಿದಿಡೋದು ಸ್ಕ್ರೂ ಅಲ್ಲ, ಅಂಟೂ ಅಲ್ಲ. ಎಂಜಿನಿಯರಿಂಗ್ ಓದುವಾಗ ವರ್ಕ್‌ಶಾಪಿನ ಲೇತ್‌ನಲ್ಲಿ ನಾವು ಡ್ರಿಲ್ ಕೂರಿಸುತ್ತಿದ್ದ ಮೋರ್ಸ್ ಟೇಪರ್‌ನ ಉಪಾಯವೇ ಇಲ್ಲೂ ಇದೆ. ಮೇಲಕ್ಕೆ ಸ್ವಲ್ಪ ಸಣ್ಣಗಾಗುವ ಕಂಬಿಯ ಮೇಲೆ ಅದೇ ಇಳಿಜಾರಿನ ತೂತಿರುವ ಗುಂಡನ್ನಿಟ್ಟು ಹೊಡೆದರೆ, ಘರ್ಷಣೆಯೇ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಆದರೆ ಲೇತ್ ಉಪ್ಪುನೀರಿನಲ್ಲಿ ನಿಂತಿರಲ್ಲ. ದೇಹದ ಕೀಲು ಅಂಥದ್ದೇ ದ್ರವದಲ್ಲಿದ್ದು, ವರ್ಷಕ್ಕೆ ಸುಮಾರು 10 ಲಕ್ಷ ಸಲ ಮೈಭಾರ ಹೊರುತ್ತೆ.

ಪ್ರತಿ ಹೆಜ್ಜೆಗೂ ಜೋಡಣೆಯೊಳಗೆ ಮೈಕ್ರಾನ್ ಲೆಕ್ಕದ ಅಲುಗಾಟ. ಟೈಟಾನಿಯಂ, ಕೋಬಾಲ್ಟ್-ಕ್ರೋಮ್ ಎರಡನ್ನೂ ಕಾಯುವುದು ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಅಲುಗಾಟಕ್ಕೆ ಅದು ಕಿತ್ತುಹೋಗುತ್ತೆ, ಮತ್ತೆ ಬೆಳೆಯುತ್ತೆ, ಮತ್ತೆ ಕಿತ್ತುಹೋಗುತ್ತೆ. ಇದೇ ನಡೆಯುತ್ತಾ ಸಂದಿಯೊಳಗೆ ನಿಂತ ದ್ರವದಲ್ಲಿ ಆಮ್ಲಜನಕ ಕಡಿಮೆಯಾಗಿ, ಕ್ಲೋರೈಡ್ ಸೇರಿಕೊಂಡು, ಆಮ್ಲೀಯತೆ ಏರುತ್ತೆ. ಆಮೇಲೆ ಸವೆತ ತುಕ್ಕಿಗೆ ದಾರಿ, ತುಕ್ಕು ಸವೆತಕ್ಕೆ ದಾರಿ. ಹೊರಬಂದ ಕೋಬಾಲ್ಟ್, ಕ್ರೋಮಿಯಂ ಸುತ್ತಲಿನ ಅಂಗಾಂಶ ಸೇರುತ್ತವೆ. ಕೆಲವರಲ್ಲಿ ಉರಿಯೂತ ಎದ್ದು, ಸ್ನಾಯುವೇ ಸಾಯುತ್ತೆ.

ಅಂದರೆ ಜೋಡಣೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಸ್ಟ್ರೈಕರ್ ಕಂಪನಿಯ ರೆಜುವನೇಟ್, ಎಬಿಜಿ 2 ಮಾದರಿಗಳಲ್ಲಿ ಕುತ್ತಿಗೆಯೂ ಬೇರೆ ತುಂಡು. ಕೋಬಾಲ್ಟ್-ಕ್ರೋಮ್ ಕುತ್ತಿಗೆ, ಟೈಟಾನಿಯಂ ಮಿಶ್ರಲೋಹದ ಕಾಂಡ. ಈ ಎರಡನೇ ಜೋಡಣೆಯ ತುಕ್ಕಿನಿಂದಾಗಿಯೇ 2012ರ ಜುಲೈನಲ್ಲಿ ಕಂಪನಿ ಇವನ್ನು ವಾಪಸ್ ಪಡೆಯಿತು. 2014ರಲ್ಲಿ ಅಮೆರಿಕದ ರೋಗಿಗಳ ಮೊಕದ್ದಮೆಗಳು 100 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದದಲ್ಲಿ ಮುಗಿದವು.

ಆಯ್ಕೆಯ ಅನುಕೂಲ ಆಪರೇಷನ್ ಕೋಣೆಯಲ್ಲಿ ಸಿಗುತ್ತೆ, ಬಿಲ್ ಮಾತ್ರ ವರ್ಷಗಳ ನಂತರ ರೋಗಿಯ ಮೈಯಲ್ಲಿ ಹರಿಯುತ್ತೆ. ಅಷ್ಟು ಹೊತ್ತಿಗೆ ರೋಗಿ ಎಲ್ಲಿರುತ್ತಾರೋ! 2010ರಲ್ಲಿ ವಾಪಸ್ ಪಡೆದ ಡೆಪ್ಯೂ ಎಎಸ್ಆರ್ ಕೀಲಿನ ಕಥೆ ನೋಡಿ. ಅಲ್ಲಿ ಮುಖ್ಯ ದೋಷ ಲೋಹಕ್ಕೆ ಲೋಹ ಉಜ್ಜುವುದು. ಗುಂಡು ಕೂರುವ ಜೋಡಣೆಯೂ ಪಾಲುದಾರ. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆ ನಡೆದಿದ್ದರೂ ಬಹುಪಾಲು ರೋಗಿಗಳ ಪತ್ತೆಯೇ ಆಗಲಿಲ್ಲ.

ಹಾಗಂತ ಗಾಬರಿ ಬೇಡ. ಹೆಚ್ಚಿನವರ ಕೃತಕ ಕೀಲು 15 ವರ್ಷ ದಾಟಿಯೂ ಚೆನ್ನಾಗಿ ನಡೆಯುತ್ತೆ. ಸೆರಾಮಿಕ್ ಗುಂಡು ಹಾಕಿದರೆ ಈ ತುಕ್ಕು ಇನ್ನೂ ಕಡಿಮೆ. ಆದರೆ ತೊಡೆಸಂದಿಯಲ್ಲಿ ಹೊಸ ನೋವು ಬಂದು, ಎಕ್ಸ್-ರೇ ಸರಿಯಿದೆ ಅಂದರೆ ಅಲ್ಲಿಗೇ ಬಿಡಬೇಡಿ. ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕಾ ಎಂದು ವೈದ್ಯರನ್ನು ಕೇಳಿ. ಇಂಪ್ಲಾಂಟ್ ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್‌ನಲ್ಲಿ ಮಾದರಿ, ಬ್ಯಾಚ್ ಸಂಖ್ಯೆ ಎರಡೂ ಇರುತ್ತವೆ. ಡಿಸ್ಚಾರ್ಜ್ ದಿನವೇ ಕೇಳಿ ಪಡೆದು, ಮನೆಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.