ವರದಿ ಸರಿಯಾಯಿತೆಂದು ಗುಳಿಗೆ ನಿಲ್ಲಿಸಬಹುದೇ?

ವ್ಯಾಪಾರಸ್ಥರು ತಮ್ಮ ದಾಸ್ತಾನು, ಉದ್ರಿ ಹಾಗೂ ಬ್ಯಾಂಕ್ ಸಾಲಗಳ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಕೂಲಂಕಷವಾಗಿ ಪರಿಶೀಲಿಸುತ್ತಾರೆ. ಆದರೆ ಆ ವ್ಯವಹಾರವನ್ನೆಲ್ಲ ಹೊತ್ತು ನಿಂತಿರುವ ದೇಹದ ಲೆಕ್ಕ ನೋಡಲು ಅವರಿಗೆ ಪುರುಸೊತ್ತು ದೊರೆಯುವುದಿಲ್ಲ. ಲೆಕ್ಕಪರಿಶೋಧಕನಾದ ನಾನು ಕೊಲೆಸ್ಟರಾಲ್ ಕುರಿತು ಬರೆಯಲು ಕಾರಣವೊಂದಿದೆ.

ನಮ್ಮ ಕಚೇರಿಗೆ ಬಹುಕಾಲದಿಂದ ಬರುತ್ತಿದ್ದ ಸಣ್ಣ ಕೈಗಾರಿಕೋದ್ಯಮಿಯೊಬ್ಬರಿಗೆ 52ನೆಯ ವಯಸ್ಸಿನಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಅಳವಡಿಸಲಾಯಿತು. ಆಗ 148 ಇದ್ದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಗುಳಿಗೆಯಿಂದಾಗಿ ಮೂರು ತಿಂಗಳಲ್ಲಿ 64ಕ್ಕೆ ಇಳಿಯಿತು. "ಖಾತೆ ಚುಕ್ತಾ ಆಯಿತು ಸಾರ್" ಎಂದು ನಗುತ್ತ ಅವರು ಗುಳಿಗೆ ನಿಲ್ಲಿಸಿಬಿಟ್ಟರು. ಹದಿನಾಲ್ಕು ತಿಂಗಳ ನಂತರ ಎರಡನೆಯ ಆಘಾತವಾಯಿತು. ಜೀವ ಉಳಿಯಿತು, ಆದರೆ ಮೊದಲಿನ ಶಕ್ತಿ ಮರಳಲಿಲ್ಲ. ಆ ವರ್ಷದ ಆಢಾವೆ ಪತ್ರಿಕೆಗೆ ಸಹಿ ಮಾಡಲು ಪಾಲುದಾರರಾದ ಅವರ ಪತ್ನಿ ಒಬ್ಬರೇ ಬಂದಿದ್ದರು. ಗುಳಿಗೆ ಮುಂದುವರಿಸಿದ್ದರೆ ಹೀಗಾಗುತ್ತಲೇ ಇರಲಿಲ್ಲವೆಂದು ಹೇಳಲಾಗದು. ಆದರೆ ಅಪಾಯವನ್ನು ಅವರು ತಾವೇ ಹೆಚ್ಚಿಸಿಕೊಂಡರೆಂಬುದು ನಿಜ.

ಮಿತಿ ಎಲ್ಲರಿಗೂ ಒಂದೇ ಅಲ್ಲ

ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿರುವ 'ಸಾಮಾನ್ಯ ಮಿತಿ'ಯನ್ನು ನೋಡಿ ಅನೇಕರು ಸಮಾಧಾನ ಪಡುತ್ತಾರೆ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ನೀಡಿದ ಮಾರ್ಗಸೂಚಿಯಂತೆ ಎಲ್‌ಡಿಎಲ್ ಪ್ರಮಾಣವು ಸಾಮಾನ್ಯ ಜನರಲ್ಲಿ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಮಧುಮೇಹ ಅಥವಾ ಅಧಿಕ ರಕ್ತದೊತ್ತಡದಂತಹ ಕಾರಣದಿಂದ ಹೆಚ್ಚಿನ ಅಪಾಯದಲ್ಲಿರುವವರಲ್ಲಿ ಅದು 70ಕ್ಕಿಂತ ಕಡಿಮೆ ಇರಬೇಕು. ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಲ್ಲಿ 55ಕ್ಕಿಂತಲೂ ಕೆಳಗಿರಬೇಕು. ಈ ಲೆಕ್ಕದಲ್ಲಿ ನಮ್ಮ ಉದ್ಯಮಿಯ 64 ಕೂಡ ಗುರಿ ಮುಟ್ಟಿರಲಿಲ್ಲ!

ನಾವು ಮತ್ತಷ್ಟು ಎಚ್ಚರ ವಹಿಸಲು ಇನ್ನೊಂದು ಕಾರಣವಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53 ಇದ್ದರೆ, ಇತರರಲ್ಲಿ ಸುಮಾರು 59 ಇತ್ತು. ಅಂದರೆ ವ್ಯವಹಾರ ಬೆಳೆದು, ಮಕ್ಕಳು ಇನ್ನೂ ಕೈಗೆ ಬಾರದಿರುವ ಕಾಲವದು.

ಗುಳಿಗೆಯ ಕೆಲಸ

ದೇಹದ ಕೊಲೆಸ್ಟರಾಲ್‌ನ ಬಹುಭಾಗ ದೇಹದೊಳಗೇ, ಮುಖ್ಯವಾಗಿ ಯಕೃತ್ತಿನಲ್ಲಿ, ತಯಾರಾಗುತ್ತದೆ. ಆದ್ದರಿಂದ ಪಥ್ಯ ಅಗತ್ಯವಾದರೂ ಹೆಚ್ಚಿನ ಅಪಾಯವಿರುವವರಿಗೆ ಅದೊಂದೇ ಸಾಲದು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಗುಳಿಗೆಗಳು ಈ ತಯಾರಿಕೆಯನ್ನು ತಗ್ಗಿಸುತ್ತವೆ. ಗುಳಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಪ್ರಮಾಣ ಹಳೆಯ ಮಟ್ಟಕ್ಕೆ ಏರುತ್ತದೆ. ವರದಿ ಸರಿಯಾಗಿರುವುದು ಗುಳಿಗೆಯ ಫಲವೇ ಹೊರತು ಗುಳಿಗೆ ಬೇಡವೆಂಬುದರ ಸೂಚನೆಯಲ್ಲ.

1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನವೊಂದರಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. ಹುಸಿಗುಳಿಗೆ ಪಡೆದ ಗುಂಪಿನಲ್ಲಿ 256 ಮಂದಿ ತೀರಿಕೊಂಡರೆ, ಸಿಮ್ವಾಸ್ಟಾಟಿನ್ ಪಡೆದ ಗುಂಪಿನಲ್ಲಿ 182 ಮಂದಿ ತೀರಿಕೊಂಡರು.

ಕೆಲವರಿಗೆ ಸ್ನಾಯು ನೋವು ಬರುವುದುಂಟು. ಆಗ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣ ತಗ್ಗಿಸಬಹುದು ಅಥವಾ ಬೇರೆ ಸ್ಟಾಟಿನ್ ಕೊಡಬಹುದು. ಗುರಿ ಮುಟ್ಟದಿದ್ದರೆ ಎಜೆಟಿಮೈಬ್ ಸೇರಿಸುವ ಕ್ರಮವಿದೆ. ಅದೂ ಸಾಲದಿದ್ದರೆ ಚುಚ್ಚುಮದ್ದುಗಳಿವೆ, ಆದರೆ ಅವು ದುಬಾರಿ.

ಮಾಡಬೇಕಾದ್ದು

ಚಿಕಿತ್ಸೆ ಆರಂಭಿಸಿದ ಮೇಲೆ 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಅವಶ್ಯ. ನಂತರ ವೈದ್ಯರು ಹೇಳಿದ ಅವಧಿಗೆ, ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ತಂಬಾಕು ಬಿಡುವುದು, ದಿನಕ್ಕೆ ಅರ್ಧ ಗಂಟೆಯ ನಡಿಗೆ, ಕರಿದ ತಿಂಡಿ ಹಾಗೂ ವನಸ್ಪತಿಯಲ್ಲಿ ಹಿಡಿತ ಇವು ಔಷಧದ ಜೊತೆಗಿರಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚದಲ್ಲಿ 5,000 ರೂಪಾಯಿಗಳವರೆಗೆ, ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೆ, ರಿಯಾಯಿತಿಯೂ ಉಂಟು.

ಮುಂದಿನ ಸಲ ವರದಿ ಕೈಗೆ ಬಂದಾಗ ವೈದ್ಯರನ್ನು ಒಂದೇ ಪ್ರಶ್ನೆ ಕೇಳಿರಿ: "ನನಗೆ ನಿಗದಿಯಾದ ಗುರಿ ಎಷ್ಟು?" ಉತ್ತರವನ್ನು ವರದಿಯ ಮೇಲೆಯೇ ಬರೆದಿಟ್ಟುಕೊಳ್ಳಿರಿ. ಇದು ಸಾಲದ ಕಂತಲ್ಲ, ತೀರಿಸಿ ಮುಗಿಸಲು. ಇದು ವಿಮೆಯ ಪ್ರೀಮಿಯಂ ಇದ್ದಂತೆ. ಕಟ್ಟುವುದನ್ನು ನಿಲ್ಲಿಸಿದ ದಿನವೇ ರಕ್ಷಣೆಯೂ ಮುಗಿಯತೊಡಗುತ್ತದೆ.